ಮಗನ ಮೊದಲ ಸಂಬಳ, ನನ್ನ ಖಾತೆಗೆ ಖೋತಾ

2025ರ ಅಕ್ಟೋಬರ್ 13, ಸೋಮವಾರ. ನನ್ನ ಮಗ ಎ ಲೆವೆಲ್ ಓದನ್ನು (ನಮ್ಮ ಪಿಯುಸಿ ಇದ್ದ ಹಾಗೆ) ಅರ್ಧಕ್ಕೆ ಬಿಟ್ಟು ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಆಗಿ, ಅಂದರೆ ಸಂಬಳ ಪಡೆಯುತ್ತಲೇ ಕೆಲಸ ಕಲಿಯುವವನಾಗಿ, ಕೆಲಸಕ್ಕೆ ಹೋದ ಮೊದಲ ದಿನ. ಆಗ ಅವನಿಗೆ 17. ಊರಿಂದ ಅಮ್ಮ ಫೋನ್ ಮಾಡಿ, "ಓದು ಬಿಡಿಸಿಬಿಟ್ಯೇನೇ?" ಅಂತ ಕೇಳಿದರು. "ಇಲ್ಲಮ್ಮ, ಓದೂ ಇದೆ, ಸಂಬಳಾನೂ ಇದೆ" ಅಂದೆ. ಅಮ್ಮನಿಗೆ ಸಮಾಧಾನವಾಯಿತು. ಆದರೆ ಆ ಉತ್ತರವನ್ನು ನಾನೂ ನಂಬಿಕೊಂಡೆ ನೋಡಿ, ಅಲ್ಲೇ ಎಡವಿದ್ದು.

ನಾವಿರೋದು ಇಂಗ್ಲೆಂಡಿನಲ್ಲಿ. ಇಬ್ಬರು ಮಕ್ಕಳು, ಸಂಸಾರ ನಡೆಸೋಳು ನಾನೊಬ್ಬಳೇ. ನಾನು ಶಾಲೆಯೊಂದರಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುತ್ತೇನೆ. ಅದರ ಜೊತೆಗೆ ಸರ್ಕಾರದಿಂದ ಎರಡು ನೆರವು ಬರುತ್ತದೆ: ಕಡಿಮೆ ಆದಾಯದವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್ ಮತ್ತು ಮಕ್ಕಳನ್ನು ಸಾಕಲು ಕೊಡುವ ಚೈಲ್ಡ್ ಬೆನಿಫಿಟ್. ಮಕ್ಕಳಿಗೆ 16 ತುಂಬಿದ ಮೇಲೂ ಓದು ಮುಂದುವರಿಸಿದರೆ ಚೈಲ್ಡ್ ಬೆನಿಫಿಟ್ 20 ತುಂಬುವ ತನಕ ಸಿಗಬಹುದು. "ಓದು ಅಥವಾ ತರಬೇತಿ" ಅಂತಲೇ ನಿಯಮದಲ್ಲಿದೆ. ಅಪ್ರೆಂಟಿಸ್‌ಶಿಪ್ ಅಂದರೆ ತರಬೇತಿ ತಾನೇ?

ಅಲ್ಲ. ಕೆಲಸದ ಒಪ್ಪಂದದ ಭಾಗವಾಗಿ ಸಿಗುವ ತರಬೇತಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವಾರದಲ್ಲಿ ಒಂದು ದಿನ ಕಾಲೇಜಿಗೆ ಹೋಗಲಿ, ಕೊನೆಗೆ ಸರ್ಟಿಫಿಕೇಟೇ ಸಿಗಲಿ, ಸರ್ಕಾರದ ಕಣ್ಣಿಗೆ ಅವನು ನೌಕರ. ಅವನು ಕೆಲಸಕ್ಕೆ ಸೇರಿದ ದಿನದಿಂದ ನನಗೆ ಬರುವ ನೆರವಿನ ಲೆಕ್ಕದಲ್ಲಿ "ಮಗು" ಅಲ್ಲ. ಜರ್ಮನಿಯಲ್ಲಿರುವ ನಮ್ಮ ದೊಡ್ಡಮ್ಮನ ಮಗಳಿಗೆ ಇದನ್ನು ಹೇಳಿದರೆ ಅವಳು ನಂಬಲೇ ಇಲ್ಲ. ಅಲ್ಲಿ ಔಸ್‌ಬಿಲ್ಡುಂಗ್‌ಗೆ, ಅಂದರೆ ಇಂಥದೇ ಕೆಲಸದ ತರಬೇತಿಗೆ, ಸೇರಿದ ಮಕ್ಕಳಿಗೆ ಕಿಂಡರ್‌ಗೆಲ್ಡ್ ಅನ್ನೋ ಮಕ್ಕಳ ಭತ್ಯೆ 25 ವರ್ಷದವರೆಗೂ ಮುಂದುವರಿಯಬಹುದು. 2025ರಲ್ಲಿ ತಿಂಗಳಿಗೆ 255 ಯೂರೋ. ಕೆಲಸ ಕಲಿಯೋದನ್ನೂ ಓದು ಅಂತಲೇ ಎಣಿಸುವ ದೇಶ ಅದು. ನನಗೇನೋ ಅದೇ ಸರಿ ಅನಿಸುತ್ತದೆ.

ಯೂನಿವರ್ಸಲ್ ಕ್ರೆಡಿಟ್‌ಗೆ ಮಾತ್ರ ನಾನು ಆ ವಾರವೇ ಆನ್‌ಲೈನ್‌ನಲ್ಲಿ ತಿಳಿಸಿದ್ದೆ. ಅದರಲ್ಲಿ ಪ್ರತಿ ಮಗುವಿಗೆ ಅಂತ ಒಂದು ಮೊತ್ತ ಇರುತ್ತದೆ. 2025–26ರಲ್ಲಿ ನನ್ನಂಥವರಿಗೆ ಮೊದಲ ಮಗುವಿಗೆ ತಿಂಗಳಿಗೆ 339 ಪೌಂಡ್, ಎರಡನೆಯದಕ್ಕೆ 292.81. ದೊಡ್ಡವನು ಲೆಕ್ಕದಿಂದ ಹೊರಗೆ ಹೋದರೆ ಮಗಳೇ "ಮೊದಲ ಮಗು" ಆಗುತ್ತಾಳೆ. 2017ರ ಏಪ್ರಿಲ್ 6ಕ್ಕಿಂತ ಮೊದಲು ಹುಟ್ಟಿದ ಮೊದಲ ಮಗುವಿಗಷ್ಟೇ ಆ ದೊಡ್ಡ ದರ; ಅವಳು ಅದಕ್ಕಿಂತ ಮೊದಲೇ ಹುಟ್ಟಿದವಳು, ಹಾಗಾಗಿ ಆ 339 ಅವಳಿಗೆ ದಾಟಿತು. ನಿಜವಾಗಿ ಕಳೆದುಕೊಂಡದ್ದು 292.81.

ಆದರೆ ಅದು ಹೋದ ರೀತಿ ಇದೆಯಲ್ಲ, ಅದಿನ್ನೂ ಹೊಟ್ಟೆ ಉರಿಸುತ್ತದೆ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ಲೆಕ್ಕದ ತಿಂಗಳು ಇರುತ್ತದೆ. ನನ್ನದು 15ರಿಂದ ಮುಂದಿನ 14ರವರೆಗೆ. ಆ ತಿಂಗಳ ನಡುವೆ ಏನೇ ಬದಲಾದರೂ ಅದು ತಿಂಗಳ ಮೊದಲ ದಿನದಿಂದಲೇ ಆಯಿತು ಅಂತ ಹಿಡಿಯುತ್ತಾರೆ. ಇಷ್ಟು ದಿನಕ್ಕೆ ಇಷ್ಟು ಅಂತ ಹಂಚುವುದಿಲ್ಲ. ಮಗ ಸೇರಿದ್ದು 13ಕ್ಕೆ. ತಿಂಗಳು ಮುಗಿಯಲು ಇನ್ನೆರಡೇ ದಿನ ಬಾಕಿ. ಅವನು ನಾಲ್ಕು ವಾರ ಕಾಲೇಜಿಗೆ ಹೋಗಿದ್ದ ಆ ಇಡೀ ತಿಂಗಳ ಹಣ ಹೋಯಿತು. ಬುಧವಾರ 15ಕ್ಕೆ ಸೇರಿದ್ದರೆ ಅದು ಉಳಿಯುತ್ತಿತ್ತು. ಮಾಲೀಕರನ್ನು ಒಂದು ಮಾತು ಕೇಳಿದ್ದರೆ "ಬುಧವಾರ ಬಾರಪ್ಪ" ಅಂತಿದ್ದರೋ ಏನೋ. ಕೇಳಬೇಕು ಅಂತ ಗೊತ್ತಿದ್ದರೆ ತಾನೇ?

21ಕ್ಕೆ ಬಂದ ಹಣ ಕಡಿಮೆ. ಮಗನ ಸಂಬಳ ಬರುವುದು ಪ್ರತಿ ತಿಂಗಳು 28ಕ್ಕೆ. ಅಕ್ಟೋಬರ್ ಪಟ್ಟಿ ಅವನು ಸೇರುವ ಹೊತ್ತಿಗೆ ಮುಗಿದಿತ್ತಂತೆ. ಮೊದಲ ಸಂಬಳ ಕೈಗೆ ಬಂದದ್ದು ನವೆಂಬರ್ 28ಕ್ಕೆ. ಈ ನಡುವೆ ಅವನಿಗೆ ಸೇಫ್ಟಿ ಬೂಟು, ಟೂಲ್‌ಗಳು, ರೈಲು ಪಾಸು. ಎಲ್ಲವೂ ನನ್ನ ಕಾರ್ಡಿನಿಂದಲೇ. ಮಕ್ಕಳನ್ನು ಅಪ್ರೆಂಟಿಸ್ ಆಗಿ ಕಳಿಸುವವರು ಆ ಒಂದೂವರೆ ತಿಂಗಳಿಗೆ ಏನಾದರೂ ಎತ್ತಿಟ್ಟುಕೊಂಡಿರಿ.

ಇನ್ನು ಚೈಲ್ಡ್ ಬೆನಿಫಿಟ್. ಒಂದು ಕಡೆ ಹೇಳಿದ್ದೀನಲ್ಲ, ಇನ್ನೊಂದಕ್ಕೂ ಸುದ್ದಿ ಮುಟ್ಟುತ್ತದೆ ಅಂದುಕೊಂಡು ಸುಮ್ನೆ ಇದ್ದುಬಿಟ್ಟೆ. ಯೂನಿವರ್ಸಲ್ ಕ್ರೆಡಿಟ್ ನೋಡಿಕೊಳ್ಳುವುದು ಕೆಲಸ ಮತ್ತು ಪಿಂಚಣಿ ಇಲಾಖೆ ಡಿಡಬ್ಲ್ಯುಪಿ. ಚೈಲ್ಡ್ ಬೆನಿಫಿಟ್ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯದು. ಎರಡಕ್ಕೂ ನಾವೇ ಬೇರೆ ಬೇರೆಯಾಗಿ ಹೇಳಬೇಕು. ನನಗೆ ಎಚ್ಚರವಾಗಿದ್ದು ಡಿಸೆಂಬರ್ 8ರ ಹೊತ್ತಿಗೆ. ದೊಡ್ಡ ಮಗುವಿಗೆ ವಾರಕ್ಕೆ 26.05, ಎರಡನೆಯದಕ್ಕೆ 17.25 ಬರುತ್ತಿತ್ತು. ಇಲ್ಲಿಯೂ ದೊಡ್ಡ ದರ ಮಗಳಿಗೆ ದಾಟುತ್ತದೆ, ಹೋಗುವುದು 17.25. ಎಂಟು ವಾರಕ್ಕೆ 138 ಪೌಂಡ್ ಜಾಸ್ತಿ ಬಂದಿತ್ತು, ವಾಪಸ್ ಕೊಟ್ಟೆ. ತಪ್ಪು ನನ್ನದೇ, ಬೇರೆ ಯಾರನ್ನೂ ಬೈಯುವಂತಿಲ್ಲ. ಎಚ್‌ಎಂಆರ್‌ಸಿ ಆ್ಯಪ್‌ನಲ್ಲೇ ತಿಳಿಸಬಹುದು. ಮಗ ಕೆಲಸಕ್ಕೆ ಹೊರಟ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮುಗಿಸಬಹುದಾಗಿದ್ದ ಕೆಲಸ.

ಒಂದು ಭಯ ಮಾತ್ರ ಸುಳ್ಳಾಯಿತು. ಅವನ ಸಂಬಳವನ್ನು ನನ್ನ ಆದಾಯಕ್ಕೆ ಸೇರಿಸಿ ಇನ್ನಷ್ಟು ಕತ್ತರಿಸುತ್ತಾರೇನೋ ಅಂದುಕೊಂಡಿದ್ದೆ. ಹಾಗಿಲ್ಲ. ಅದು ಅವನದೇ ಹಣ. ಮನೆ ಬಾಡಿಗೆಯ ನೆರವಿನಲ್ಲೂ ಅವನಿಗೆ 21 ತುಂಬುವವರೆಗೆ ಅವನ ಹೆಸರಲ್ಲಿ ಕಡಿತ ಮಾಡುವುದಿಲ್ಲ.

ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ, ಅದರ ಹೊಡೆತ ಫೆಬ್ರವರಿಯಲ್ಲಿ ಬಂತು. ಅವನಿಗೆ 18 ತುಂಬಿತು. ಅಲ್ಲಿಯತನಕ ಮನೆಯಲ್ಲಿ ದೊಡ್ಡವರು ಒಬ್ಬರೇ ಅಂತ ನನಗೆ ಶೇಕಡಾ 25 ರಿಯಾಯಿತಿ ಇತ್ತು. ಈಗ ಇಬ್ಬರು. ಅಪ್ರೆಂಟಿಸ್‌ಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ನಿಯಮ ಇದೆಯಲ್ಲ ಅಂತ ಯಾರೋ ಹೇಳಿದರು. ಇದೆ, ಆದರೆ ವಾರದ ಸಂಬಳ 195 ಪೌಂಡ್ ಮೀರಬಾರದು. 2025–26ರಲ್ಲಿ ಅಪ್ರೆಂಟಿಸ್ ಕನಿಷ್ಠ ಕೂಲಿಯೇ ಗಂಟೆಗೆ 7.55 ಇತ್ತು. ವಾರಕ್ಕೆ 30 ಗಂಟೆ ದುಡಿದರೂ 226 ದಾಟುತ್ತಿತ್ತು. ಆ ರಿಯಾಯಿತಿ ಯಾರಿಗೆ ಸಿಗುತ್ತದೋ ದೇವರೇ ಬಲ್ಲ.

ಒಟ್ಟು ಲೆಕ್ಕ ಹಾಕಿದರೆ ಕೌನ್ಸಿಲ್ ಟ್ಯಾಕ್ಸ್ ಬಿಟ್ಟೇ ತಿಂಗಳಿಗೆ ಸುಮಾರು 367 ಪೌಂಡ್ ನನ್ನ ಖಾತೆಗೆ ಬರುವುದು ನಿಂತಿತು. ವಾರಕ್ಕೆ 37.5 ಗಂಟೆ ಕೆಲಸಕ್ಕೆ ಮಗನ ಕೈಗೆ 1,200ರ ಆಸುಪಾಸು ಬರುತ್ತದೆ. ಮನೆಗೆ ಬರುವ ಹಣ ಹೆಚ್ಚಾಗಿದೆ, ನಿಜ. ಆದರೆ ಅದು ಅವನ ಖಾತೆಯಲ್ಲಿದೆ. ಮಗನ ಹತ್ತಿರ ದುಡ್ಡು ಕೇಳೋದು ನನಗೆ ನಾಲಿಗೆ ಕಡಿದುಕೊಂಡಂತೆ. ನಾವು ಬೆಳೆದ ರೀತಿಯೇ ಹಾಗಲ್ವಾ? ಎರಡು ವಾರ ಒದ್ದಾಡಿದೆ. ಕೊನೆಗೆ ಏನೂ ಹೇಳದೆ ಒಂದು ಹಾಳೆಯಲ್ಲಿ ಎರಡು ಸಾಲು ಬರೆದೆ. ಸೆಪ್ಟೆಂಬರ್‌ನಲ್ಲಿ ಬಂದದ್ದು ಇಷ್ಟು, ಈಗ ಬರುವುದು ಇಷ್ಟು ಅಂತ. ಊಟದ ಮೇಜಿನ ಮೇಲೆ ಇಟ್ಟೆ.

ಅವನು ನೋಡಿದ. "ಮೊದಲೇ ಯಾಕಮ್ಮ ಹೇಳಲಿಲ್ಲ?" ಅಂದ. ಆಮೇಲೆ ಫೋನ್ ತೆಗೆದು ಕೂತಲ್ಲೇ 350ಕ್ಕೆ ಸ್ಟ್ಯಾಂಡಿಂಗ್ ಆರ್ಡರ್ ಹಾಕಿದ, ಪ್ರತಿ ತಿಂಗಳು 29ಕ್ಕೆ ತಾನಾಗಿಯೇ ನನ್ನ ಖಾತೆಗೆ ಬರುವ ಹಾಗೆ. "17 ಪೌಂಡ್ ಬಾಕಿ ಇದೆಯಲ್ಲೋ" ಅಂದೆ. "ಬೂಟಿನ ಸಾಲದ ಜೊತೆ ಬರ್ಕೋ" ಅಂದ.