ಟೆಂಪ್ಲೇಟು ಬಿಟ್ಟು ಬರಹದಿಂದಲೇ ಶುರು ಮಾಡಿದೆ: ನನ್ನ ಅನುಭವ

ಕನ್ನಡ ಜಾಲತಾಣವನ್ನು ಕೊಂಡು ತಂದ ಟೆಂಪ್ಲೇಟಿನ (ಸಿದ್ಧ ವಿನ್ಯಾಸದ) ಮೇಲೆ ಕಟ್ಟುವುದಿಲ್ಲ, ಫಿಗ್ಮಾ ಎಂಬ ಡಿಸೈನ್ ತಂತ್ರಾಂಶದಲ್ಲಿ ಚಿತ್ರ ಮಾಡಿಯೂ ತೋರಿಸುವುದಿಲ್ಲ, ಗಿರಾಕಿಯ ನಿಜವಾದ ಬರಹವನ್ನು ಬ್ರೌಸರಿನಲ್ಲಿ ಇಟ್ಟುಕೊಂಡು ಅಲ್ಲಿಂದಲೇ ಡಿಸೈನ್ ಶುರು ಮಾಡುತ್ತೇನೆ ಎಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಕನ್ನಡದ ಕೆಲಸಕ್ಕೆ ಸಿಗುವ ಕಾಸಿಗೆ ಇಷ್ಟೆಲ್ಲ ಯಾರು ಮಾಡುತ್ತಾರೆ ಮಾರಾಯರೇ" ಎಂದವರೇ ಹೆಚ್ಚು. ಈಗ ಒಂದು ಪ್ರಕಾಶನದ ತಾಣ, ಒಂದು ಮಾಸಪತ್ರಿಕೆಯ ತಾಣ ಎರಡೂ ಇದೇ ದಾರಿಯಲ್ಲಿ ಎದ್ದು ನಿಂತಿವೆ, ಓದುಗರೂ ಉಳಿದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಲಿತದ್ದು ನಕಲು ಮಾಡಿಯೇ. 2003ರಲ್ಲಿ ಡೇವ್ ಶೇ ಆರಂಭಿಸಿದ ಸಿಎಸ್‌ಎಸ್ ಜೆನ್ ಗಾರ್ಡನ್ ತಾಣ ನಿಮಗೆಲ್ಲ ಗೊತ್ತು: ಪುಟದ ಬರಹವಿರುವ ಎಚ್‌ಟಿಎಂಎಲ್ ಒಂದೇ, ಅದರ ಒಂದಕ್ಷರವನ್ನೂ ಮುಟ್ಟದೆ ಪುಟದ ರೂಪ ಹೇಳುವ ಸ್ಟೈಲ್‌ಶೀಟ್ ಮಾತ್ರ ಬದಲಿಸಿ ಬೇರೆಯದೇ ಪುಟ ಮಾಡುವುದು. ಅದೇ ಕಸರತ್ತನ್ನು ಒಂದು ಕನ್ನಡ ಪ್ರಬಂಧದ ಮೇಲೆ ವಾರಕ್ಕೊಂದರಂತೆ ಹೆಚ್ಚುಕಡಿಮೆ ಒಂದು ವರ್ಷ ಮಾಡಿದೆ. ನಿಯಮ ಒಂದೇ: ಇಷ್ಟವಾದ ತಾಣದ ಮೂಲಸಂಕೇತವನ್ನು ತೆರೆದು ನೋಡಬಾರದು, ಕಣ್ಣಿಗೆ ಕಂಡದ್ದನ್ನೇ ಕೈಯಿಂದ ಮರಳಿ ಕಟ್ಟಬೇಕು. ಹೀಗೆ ಮಾಡಿದರೆ ಬೇರೆಯವರ ಲೆಕ್ಕಾಚಾರ ತಲೆಗೆ ಹತ್ತುತ್ತದೆ, ಅವರ ಸಾಲುಗಳು ಹತ್ತುವುದಿಲ್ಲ.

ಆ ನಕಲುಗಳೆಲ್ಲ ಒಂದೇ ಜಾಗದಲ್ಲಿ ಮುರಿದು ಬೀಳುತ್ತಿದ್ದವು. ಇಂಗ್ಲಿಷ್ ಪುಟದ ಸೊಗಸಿನ ಅರ್ಧಪಾಲು ದೊಡ್ಡಕ್ಷರಗಳಲ್ಲಿದೆ. ವಿಭಾಗದ ಹೆಸರನ್ನು ಸಣ್ಣ ಗಾತ್ರದ ದೊಡ್ಡಕ್ಷರಗಳಲ್ಲಿ ಬರೆದು ಅಕ್ಷರಗಳ ನಡುವೆ ತುಸು ಬಿಡುವು ಕೊಟ್ಟರೆ ಅಲ್ಲಿಗೆ ಅಂದ ಬಂತು. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿದೆ? ಇಟಾಲಿಕ್ ಕೊಟ್ಟರೆ ಬ್ರೌಸರು ಅಕ್ಷರವನ್ನು ಸುಮ್ಮನೆ ಓರೆಯಾಗಿ ತಳ್ಳುತ್ತದೆ. ಹೀಗೆ ಬ್ರೌಸರು ತಾನೇ ಅಕ್ಷರರೂಪ ಹುಟ್ಟಿಸುವ ಫಾಂಟ್-ಸಿಂಥೆಸಿಸ್ ಅನ್ನು ನಾನು ಎಲ್ಲ ಕಡೆ ಮುಚ್ಚಿಬಿಡುತ್ತೇನೆ. ಉಳಿಯುವುದು ಗಾತ್ರ, ದಪ್ಪ, ಬಣ್ಣ, ಖಾಲಿ ಜಾಗ ಇವು ನಾಲ್ಕೇ. ಈ ನಾಲ್ಕರಲ್ಲೇ ಮೇಲುಕೆಳಗನ್ನು ತೋರಿಸಬೇಕೆಂದು ಹಟ ಹಿಡಿದ ದಿನದಿಂದ ನನ್ನ ಪುಟಗಳು ಬೇರೆ ಯಾರ ಪುಟದಂತೆಯೂ ಕಾಣಲಿಲ್ಲ. ಸ್ವಂತಿಕೆಗಾಗಿ ನಾನು ಬೇರೇನನ್ನೂ ಹುಡುಕಿಕೊಂಡು ಹೋಗಲಿಲ್ಲ.

ಇದಕ್ಕೆ ಒಬ್ಬ ಬೋರ್ಡ್ ಬರೆಯುವವರ ಸಹಾಯವೂ ಇದೆ. ಶಿವಮೊಗ್ಗದಲ್ಲಿ ಅಂಗಡಿಯೊಂದರ ಮುಂದೆ ಅವರು ಕೆಲಸ ಮಾಡುವುದನ್ನು ನಿಂತು ನೋಡಿದೆ. ಸೀಮೆಸುಣ್ಣ ಬಳಿದ ದಾರ ಹಿಡಿದು ಅವರು ಮೂರು ಗೆರೆ ಹೊಡೆದರು. ಮೂರನೆಯದು ಒತ್ತಿಗೆ. "ಮೊದಲು ಒತ್ತಿಗೆ ಜಾಗ ಮಾಡಿಕೊಳ್ಳಬೇಕು ಸರ್, ಅಕ್ಷರ ಹೇಗಾದರೂ ಕೂರುತ್ತದೆ" ಎಂದರು. ಮನೆಗೆ ಬಂದವನೇ ನನ್ನ ಪರೀಕ್ಷೆಯ ಪದಗಳನ್ನು ಬದಲಿಸಿದೆ. ಜಾಗ ತುಂಬಲು ಹಾಕುವ ಲೋರೆಮ್ ಇಪ್ಸಮ್ ಎಂಬ ಅರ್ಥವಿಲ್ಲದ ಬರಹ ಹೋಗಿ ರಾಷ್ಟ್ರ, ಸ್ವಾತಂತ್ರ್ಯ, ವೈಶಿಷ್ಟ್ಯ ಬಂದವು. ಟೆಂಪ್ಲೇಟಿನ ಲೈನ್ ಹೈಟ್ (ಅಕ್ಷರದ ಗಾತ್ರಕ್ಕೆ ಹೋಲಿಸಿದ ಸಾಲಿನ ಎತ್ತರ) 1.5ರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಗುಲುತ್ತದೆ. ನಾನು 1.75ರ ಆಸುಪಾಸಿನಲ್ಲಿದ್ದೇನೆ, ಶೀರ್ಷಿಕೆಗೆ 1.4. ಪುಟದ ಚೌಕಟ್ಟಾದ ಕಾರ್ಡಿಗೆ, ಹೊರಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಹಾಕಿದ್ದರೆ ಸ್ವಾತಂತ್ರ್ಯದ ಯ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಕೆಳಗಿನ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಹೆಚ್ಚಿಸಿ. ಸಾಲಿನ ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡವೇ ಬೇಡ. ನಮ್ಮ ಪದಗಳು ಉದ್ದ, ಫೋನಿನ ಅಗಲದಲ್ಲಿ ಸಾಲಿಗೆ ಮೂರೋ ನಾಲ್ಕೋ ಕೂರುತ್ತವೆ, ನಡುವೆ ಹೊಂಡ ಬೀಳುತ್ತದೆ.

ಹಣ ಕರಗಿದ್ದು ಫಾಂಟಿನಲ್ಲಿ. ಪ್ರಕಾಶನದ ಕೆಲಸಕ್ಕೆ ಮಾತಾದದ್ದು 20 ಸಾವಿರ ಚಿಲ್ಲರೆ. ನೋಟೊ ಸೆರಿಫ್ ಕನ್ನಡ ಮತ್ತು ಅನೇಕ್ ಕನ್ನಡ ಆರಿಸಿಕೊಂಡೆ, ಎರಡೂ ಮುಕ್ತ ಪರವಾನಗಿಯವು, ಅಲ್ಲಿ ಖರ್ಚಿಲ್ಲ. ಖರ್ಚಾದದ್ದು ಸಮಯ. ಫೈಲು ಕುಗ್ಗಿಸಲು ಬಳಸಿದ ಮೊದಲ ಸಾಧನ ಅಕ್ಷರಕ್ಕೆ ಒತ್ತು ಕೂಡಿಸುವ ಜೋಡಣೆಯ ಕೋಷ್ಟಕಗಳನ್ನೇ ಕಿತ್ತುಹಾಕಿತು. ಪುಟದ ತುಂಬ ಒತ್ತಿಲ್ಲದ, ಬಿಡಿಬಿಡಿ ಅಕ್ಷರಗಳು. ಫಾಂಟ್‌ಟೂಲ್ಸ್‌ಗೆ ಬಂದ ಮೇಲೆ ಅದು ಸರಿಹೋಯಿತು. ಆದರೆ ಯೂನಿಕೋಡ್ ಅಕ್ಷರಸಂಖ್ಯೆಗಳಲ್ಲಿ ಕನ್ನಡದ ವಲಯ 0C80ರಿಂದ 0CFFವರೆಗೆ ಎಂದು ಅಷ್ಟನ್ನೇ, ಫಾಂಟು ಯಾವ ಅಕ್ಷರಗಳಿಗೆ ಎಂದು ತಿಳಿಸುವ ಯೂನಿಕೋಡ್-ರೇಂಜ್‌ನಲ್ಲಿ ಕೊಟ್ಟಾಗ ಹಳೆಯ ಕೆಲವು ಫೋನುಗಳಲ್ಲಿ "ರ‍್ಯಾಂಕ್" ಒಡೆದು ಕಾಣಿಸಿತು. ಆ ಪದ ಅರ್ಕಾವತ್ತಾಗದೆ ನಿಲ್ಲುವುದು ಕಣ್ಣಿಗೆ ಕಾಣದ ಜೋಡಕದಿಂದ. ಅದರ ಸಂಖ್ಯೆ 200D, "ಸಾಫ್ಟ್‌ವೇರ್"ನಲ್ಲಿ ವ ಒತ್ತಾಗದಂತೆ ತಡೆಯುವುದು 200C. ಎರಡನ್ನೂ ಪಟ್ಟಿಗೆ ಸೇರಿಸಬೇಕು. ಇದನ್ನು ಪತ್ತೆ ಹಚ್ಚುವುದರಲ್ಲೇ ಎರಡು ವಾರದ ಮೇಲಾಯಿತು, ಕೂಲಿ ಲೆಕ್ಕ ಹಾಕಿದರೆ ಆ ಕೆಲಸ ನಷ್ಟದ್ದೇ. ಫಲವಂತೂ ಸಿಕ್ಕಿತು: 400 ಕೆಬಿಯಷ್ಟಿದ್ದ ಫಾಂಟುಗಳು 150ರ ಒಳಗೆ ಬಂದವು. ಹಳ್ಳಿಯ ಓದುಗರ ಫೋನಿನಲ್ಲೂ ಪುಟ ತಡವರಿಸದೆ ತೆರೆದುಕೊಂಡಿತು. ಅದನ್ನು ನೋಡಿಯೇ ಮಾಸಪತ್ರಿಕೆಯವರು ಬಂದದ್ದು. 70 ಸಾವಿರ ಕೇಳಿದೆ, 60ಕ್ಕೆ ಕುದುರಿತು, ವರ್ಷದ ನಿಗಾವಣೆ ಬೇರೆ.

ಉದ್ದದ ಸಮಾಸಪದಗಳು ಶೀರ್ಷಿಕೆಯಲ್ಲಿ ಬಂದಾಗ 360 ಪಿಕ್ಸೆಲ್ ಪರದೆಯಿಂದ ಹೊರಗೆ ಹೋಗದಂತೆ ಗಾತ್ರ ಇಳಿಸುವ ಒಂದು ಲೆಕ್ಕ ನನ್ನ ಬಳಿ ಇದೆ. ಅಕ್ಷರ ಎಣಿಸುವುದಲ್ಲ, ಅಷ್ಟು ಹೇಳಬಲ್ಲೆ. ಉಳಿದದ್ದು ನನ್ನ ಅನ್ನದ ದಾರಿ, ಇಲ್ಲಿ ಬರೆಯುವುದಿಲ್ಲ. ಬೇರೆಯವರು ಮಾಡಿದ ಕನ್ನಡ ತಾಣಗಳಲ್ಲಿ ಶೀರ್ಷಿಕೆ ಇಷ್ಟು ನೆಮ್ಮದಿಯಾಗಿ ಕೂತದ್ದನ್ನು ನಾನಂತೂ ಕಂಡಿಲ್ಲ.

ನಡುವೆ ಒಂದು ಪ್ರಯೋಗಕ್ಕೂ ಕೈಹಾಕಿದೆ. ಪ್ರಕಾಶನದ ಬೆಲೆಪಟ್ಟಿಯನ್ನು ಕನ್ನಡ ಅಂಕಿಗಳಲ್ಲೇ ಇಡುವ ಆಸೆ. ನೋಡಲು ತುಂಬ ಚೆನ್ನಾಗಿತ್ತು. ಬೆಲೆಯ ಪ್ರಕಾರ ಜೋಡಿಸಿದರೆ ಮಾತ್ರ ಪುಸ್ತಕಗಳು ಎಲ್ಲೆಲ್ಲೋ ಹೋಗಿ ಕೂರುತ್ತಿದ್ದವು. ಹುಡುಕಿದರೆ, ಬೆರಳಚ್ಚು ಮಾಡಿದವರು ಸೊನ್ನೆಯ ಜಾಗದಲ್ಲೆಲ್ಲ ಅನುಸ್ವಾರ ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಅಂಕಿಯ ನಂತರ ಬಂದ ಅನುಸ್ವಾರವನ್ನೆಲ್ಲ ಸೊನ್ನೆ ಮಾಡುವ ಪುಟ್ಟ ಸ್ಕ್ರಿಪ್ಟ್ ಬರೆದೆ, ಪಟ್ಟಿ ಸರಿಯಾಯಿತು. ಅಂಕಿಗಳ ಅಗಲ ಒಂದೇ ಅಲ್ಲದ್ದರಿಂದ ಕಂಬಸಾಲು ಈಗಲೂ ಚೂರು ಓಲಾಡುತ್ತದೆ. ಕನ್ನಡ ಅಂಕಿಗಳನ್ನು ಸಮಾನ ಅಗಲದಲ್ಲಿ ಕೊಡುವ ಮುಕ್ತ ಫಾಂಟನ್ನು ಯಾರಾದರೂ ಬಳಸಿ ನೋಡಿದ್ದರೆ ತಿಳಿಸಿ, ಮುಂದಿನ ಬೆಲೆಪಟ್ಟಿಗೆ ಹಾಕುತ್ತೇನೆ.