ಎಲ್ಲಿಂದ ಹುಡುಕಬೇಕು ಎಂಬುದೇ ಅರ್ಧ ಕೆಲಸ: ವಿಡಿಯೊ ಬ್ಲಾಕ್‌ಗಳ ಚಲನೆ ಪತ್ತೆ ಮಾಡುವ ಕ್ರಮ

ವಿಡಿಯೊ ಎನ್ಕೋಡರ್ (ವಿಡಿಯೊ ಸಂಕುಚಿಸುವ ಪ್ರೋಗ್ರಾಂ) ಬರೆಯಲು ಕುಳಿತವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ವಜ್ರಾಕೃತಿಯೋ ಷಡ್ಭುಜವೋ ಎಂದು ಹುಡುಕಾಟದ ಆಕಾರವನ್ನು (ಸುತ್ತ ಯಾವ ಬಿಂದುಗಳನ್ನು ನೋಡಬೇಕೆಂಬ ವಿನ್ಯಾಸವನ್ನು) ವಾರಗಟ್ಟಲೆ ತಿದ್ದುತ್ತಾರೆ. ಹುಡುಕಾಟ ಮಾತ್ರ ಪ್ರತಿ ಬ್ಲಾಕಿಗೂ (0, 0) ಇಂದ, ಅಂದರೆ ಬ್ಲಾಕ್ ಇರುವ ಜಾಗದಿಂದಲೇ ಶುರುವಾಗುತ್ತಿರುತ್ತದೆ. ಹೊರಡುವ ಜಾಗ ಸರಿಯಿದ್ದರೆ ಸಾಧಾರಣ ಆಕಾರವೂ ಗುರಿ ಮುಟ್ಟುತ್ತದೆ. ಅದು ತಪ್ಪಿದರೆ ಯಾವ ಆಕಾರವೂ ಕಾಪಾಡುವುದಿಲ್ಲ.

ಕೆಲಸ ಇಷ್ಟೇ: ಈಗಿನ ಫ್ರೇಮನ್ನು 16×16 ಪಿಕ್ಸೆಲ್‌ಗಳ ಬ್ಲಾಕ್‌ಗಳಾಗಿ ಕತ್ತರಿಸಿ, ಒಂದೊಂದನ್ನೂ ಹೆಚ್ಚು ಹೋಲುವ ತುಂಡು ಹಿಂದಿನ ಫ್ರೇಮಿನಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಸಿಕ್ಕ ದೂರವೇ ಚಲನ ವೆಕ್ಟರ್. ವೆಕ್ಟರನ್ನೂ ಉಳಿದ ವ್ಯತ್ಯಾಸವನ್ನೂ ಬರೆದರೆ ಸಾಕು, ಇಡೀ ಚಿತ್ರ ಬೇಕಿಲ್ಲ. 2003ರ ಎಚ್.264 ವಿಡಿಯೊ ಸಂಕೋಚನ ಮಾನದಂಡ ವೆಕ್ಟರನ್ನು ಡಿಕೋಡರ್ (ಸಂಕುಚಿತ ವಿಡಿಯೊವನ್ನು ಬಿಡಿಸುವ ಪ್ರೋಗ್ರಾಂ) ಹೇಗೆ ಓದಬೇಕು ಎಂದಷ್ಟೇ ಹೇಳುತ್ತದೆ. ಹುಡುಕುವ ದಾರಿ ಪೂರ್ತಿ ನಿಮ್ಮದು.

ಎಲ್ಲ ಜಾಗಗಳನ್ನೂ ನೋಡಿಬಿಟ್ಟರೆ ಆಗದೇ? ಲೆಕ್ಕ ಹಾಕಿ. 1920×1080 ಚಿತ್ರದಲ್ಲಿ 120×68, ಅಂದರೆ 8,160 ಬ್ಲಾಕ್‌ಗಳು (1080 ಎಂಬುದು 16ರಿಂದ ಭಾಗವಾಗದ ಕಾರಣ ಕೊನೆಯ ಸಾಲನ್ನು ತುಂಬಿಸಿಕೊಳ್ಳಬೇಕು). ನಾಲ್ಕೂ ದಿಕ್ಕಿಗೆ 16 ಪಿಕ್ಸೆಲ್ ಹುಡುಕಿದರೆ ಬ್ಲಾಕಿಗೆ 33×33 = 1,089 ಜಾಗ, ಜಾಗಕ್ಕೆ 256 ವ್ಯತ್ಯಾಸ. ಸೆಕೆಂಡಿಗೆ 30 ಫ್ರೇಮ್ ಎಂದರೆ 6,800 ಕೋಟಿಗೂ ಮೀರಿದ ವ್ಯವಕಲನ, ಅದೂ ಒಂದೇ ಆಧಾರ ಫ್ರೇಮಿಗೆ (ಹೋಲಿಸಿ ನೋಡುವ ಹಿಂದಿನ ಫ್ರೇಮಿಗೆ).

ಹಂತ 1: ಆಧಾರ ಫ್ರೇಮ್ ಸಿದ್ಧಪಡಿಸಿ

ಊಹೆಗೆ ಬಳಸುವ ಚಿತ್ರ ಕ್ಯಾಮೆರಾದ ಮೂಲ ಫ್ರೇಮ್ ಆಗಿರಬಾರದು. ಒಮ್ಮೆ ಸಂಕುಚಿಸಿ ಮತ್ತೆ ಬಿಡಿಸಿದ ಫ್ರೇಮೇ ಆಗಿರಬೇಕು. ಡಿಕೋಡರ್ ಬಳಿ ಇರುವುದು ಅದೊಂದೇ. ಮೂಲ ಫ್ರೇಮಿನಿಂದ ವ್ಯತ್ಯಾಸ ಕಳೆದರೆ ತಪ್ಪು ಫ್ರೇಮಿನಿಂದ ಫ್ರೇಮಿಗೆ ಬೆಳೆಯುತ್ತಾ ಹೋಗಿ, ಮುಂದಿನ ಸ್ವತಂತ್ರ (ಬೇರೆ ಫ್ರೇಮನ್ನು ಆಧರಿಸದ) ಫ್ರೇಮ್ ಬರುವವರೆಗೆ ಚಿತ್ರ ಕಲಸಿಹೋಗುತ್ತದೆ. ನಾಲ್ಕೂ ಅಂಚಿನ ಪಿಕ್ಸೆಲ್‌ಗಳನ್ನು ಹೊರಕ್ಕೆ ಕನಿಷ್ಠ 32ರಷ್ಟು ನಕಲು ಮಾಡಿಡಿ, ವೆಕ್ಟರ್ ಆ ಪಟ್ಟಿಯನ್ನು ದಾಟದಂತೆ ಮಿತಿ ಹಾಕಿ.

ಹಂತ 2: ಹೋಲಿಕೆಯ ಅಳತೆ

ಪಿಕ್ಸೆಲ್‌ಗಳ ನಿರಪೇಕ್ಷ ವ್ಯತ್ಯಾಸಗಳ ಮೊತ್ತ, ಅಂದರೆ ಸ್ಯಾಡ್, ಸಾಕು. ವರ್ಗಗಳ ಮೊತ್ತ ಈ ಹಂತದಲ್ಲಿ ಬೇಡ. 8 ಬಿಟ್ ಚಿತ್ರದಲ್ಲಿ ಸ್ಯಾಡ್ ಹೆಚ್ಚೆಂದರೆ 256×255 = 65,280. ಇದು 16 ಬಿಟ್‌ನಲ್ಲಿ ಹಿಡಿಯುತ್ತದೆ ಎಂದು ಅಲ್ಲೇ ನಿಲ್ಲಿಸುವವರಿದ್ದಾರೆ. ವೆಕ್ಟರ್ ಬೆಲೆ (ಹಂತ 4 ನೋಡಿ) ಕೂಡಿಸಿದೊಡನೆ ಅದು ಉಕ್ಕಿಹರಿಯಬಹುದು. 10 ಬಿಟ್ ಚಿತ್ರದಲ್ಲಿ ಗರಿಷ್ಠ ಮೊತ್ತವೇ 2,61,888. ಮೊದಲೇ 32 ಬಿಟ್ ಇಟ್ಟುಕೊಳ್ಳಿ.

ಒಂದು ಪಿಕ್ಸೆಲ್ ಬಿಟ್ಟು ಒಂದನ್ನು ಮಾತ್ರ ಹೋಲಿಸಿದರೆ ಸಮಯ ಅರ್ಧವಾಗುತ್ತದೆ ಎಂಬ ಅಡ್ಡದಾರಿ ಚಾಲ್ತಿಯಲ್ಲಿದೆ. ಬೇಡ. ಜಾಲರಿ, ಸಣ್ಣ ಅಕ್ಷರ, ಪಟ್ಟೆ ಬಟ್ಟೆಗಳ ಮೇಲೆ ಅದು ಹಾದಿ ತಪ್ಪಿಸುತ್ತದೆ. ಅದಕ್ಕಿಂತ, ನಾಲ್ಕು ಸಾಲು ಕೂಡಿಸಿದ ಮೇಲೆ ಮೊತ್ತ ಆಗಲೇ ಈವರೆಗಿನ ಕನಿಷ್ಠವನ್ನು ದಾಟಿದ್ದರೆ ಆ ಜಾಗವನ್ನು ಅಲ್ಲೇ ಕೈಬಿಡಿ. ಫಲಿತಾಂಶ ಕೂದಲೆಳೆಯಷ್ಟೂ ಬದಲಾಗದು. ಪ್ರತಿ ಸಾಲಿಗೂ ಪರೀಕ್ಷಿಸಬೇಡಿ. ಪ್ರೊಸೆಸರ್‌ನ ಎಸ್‌ಎಸ್‌ಇ2 ಸೂಚನೆ 16 ಬೈಟ್‌ಗಳನ್ನು ಒಟ್ಟಿಗೆ ಹೋಲಿಸುವಾಗ, ಪರೀಕ್ಷೆಯ ಖರ್ಚೇ ಉಳಿತಾಯವನ್ನು ನುಂಗುತ್ತದೆ.

ಹಂತ 3: ಹೊರಡುವ ಜಾಗ

ಇಲ್ಲಿ ಅವಸರ ಮಾಡಬೇಡಿ. ಪಕ್ಕದ ಬ್ಲಾಕ್‌ಗಳು ಬಹುಮಟ್ಟಿಗೆ ಒಂದೇ ವಸ್ತುವಿನ ಭಾಗಗಳು. ಅವು ಹೋದತ್ತಲೇ ಇದೂ ಹೋಗಿರುತ್ತದೆ. ಎಡ, ಮೇಲಿನ, ಮೇಲಿನ ಬಲ ಬ್ಲಾಕ್‌ಗಳ ವೆಕ್ಟರ್‌ಗಳು, ಆ ಮೂರರ ಮಧ್ಯಾಂಕ (ಏರಿಕೆ ಕ್ರಮದಲ್ಲಿ ನಡುವೆ ಬರುವ ಸಂಖ್ಯೆ), ಜೊತೆಗೆ ಸೊನ್ನೆ ವೆಕ್ಟರ್: ಮೊದಲು ಪರೀಕ್ಷಿಸುವ ಅಭ್ಯರ್ಥಿಗಳಲ್ಲಿ ಈ ಐದು ಕಡ್ಡಾಯ. ಬಲಕ್ಕೂ ಕೆಳಕ್ಕೂ ಇರುವ ಬ್ಲಾಕ್‌ಗಳ ವೆಕ್ಟರ್ ಈ ಫ್ರೇಮಿನಲ್ಲಿ ಇನ್ನೂ ಹುಟ್ಟಿರುವುದಿಲ್ಲ, ಆದ್ದರಿಂದ ಅವನ್ನು ಹಿಂದಿನ ಫ್ರೇಮಿನಿಂದ ತಂದುಕೊಳ್ಳಿ. ಹೊಸ ವಸ್ತುವೊಂದು ಬಲಗಡೆಯಿಂದ ಒಳಬರುವಾಗ ಕೈಹಿಡಿಯುವುದು ಇವೇ.

ಉದಾಹರಣೆಗೆ ಎಡದ ವೆಕ್ಟರ್ (12, −3), ಮೇಲಿನದು (15, −1), ಮೇಲಿನ ಬಲದ್ದು (3, 0) ಇರಲಿ. ಅಡ್ಡಕ್ಕೂ ಉದ್ದಕ್ಕೂ ಬೇರೆಬೇರೆಯಾಗಿ ತೆಗೆದ ಮಧ್ಯಾಂಕ (12, −1). ನಿಜವಾದ ಚಲನೆ (13, −1) ಎಂದುಕೊಳ್ಳಿ. ಐದು ಜಾಗ ನೋಡಿದಾಗ ಮಧ್ಯಾಂಕವೇ ಗೆಲ್ಲುತ್ತದೆ. ಅದರ ನಾಲ್ಕು ನೆರೆಗಳಲ್ಲಿ ಉತ್ತರ ಸಿಗುತ್ತದೆ; ಅಲ್ಲಿಗೆ ಸರಿದು ಹೊಸ ಮೂರು ನೆರೆಗಳನ್ನು ನೋಡಿದರೆ ಉತ್ತರ ಖಚಿತ. ಒಟ್ಟು 12 ಪರೀಕ್ಷೆ, 1,089 ಅಲ್ಲ. ಅದೇ, 1981ರಿಂದ ಪಾಠಗಳಲ್ಲಿ ಉಳಿದುಬಂದ ಮೂರು ಹೆಜ್ಜೆಯ ಹುಡುಕಾಟ ಸೊನ್ನೆಯಿಂದ 4, 2, 1 ಎಂದು ಹಾರಿ 25 ಜಾಗ ನೋಡಿದರೂ 7 ಪಿಕ್ಸೆಲ್ ಆಚೆಗೆ ಹೋಗಲಾರದು. 13 ಅದರ ಕಣ್ಣಿಗೇ ಬೀಳುವುದಿಲ್ಲ.

ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಒಂದು, ನೆರೆಯ ವೆಕ್ಟರ್‌ಗಳು ಕಾಲು ಪಿಕ್ಸೆಲ್ ಲೆಕ್ಕದಲ್ಲಿರುತ್ತವೆ. ಪೂರ್ಣಾಂಕಕ್ಕೆ ತರಲು ಬರೀ ಎರಡು ಬಿಟ್ ಬಲಕ್ಕೆ ಸರಿಸಿದರೆ −1 ಎಂಬುದು −1 ಆಗಿಯೇ ಉಳಿಯುತ್ತದೆ: ಕಾಲು ಪಿಕ್ಸೆಲ್ ಇದ್ದದ್ದು ಇಡೀ ಪಿಕ್ಸೆಲ್ ಆಯಿತು! ಮೊದಲು 2 ಕೂಡಿಸಿ, ಆಮೇಲೆ ಸರಿಸಿ. ಎರಡು, ವೆಕ್ಟರನ್ನು ಕೋಡ್ ಮಾಡುವಾಗ ಬಳಸುವ ಮಧ್ಯಾಂಕ ಮಾನದಂಡ ಹೇಳಿದಂತೆಯೇ ಇರಬೇಕು (ಮೇಲಿನ ಬಲ ಬ್ಲಾಕ್ ಇಲ್ಲದಿದ್ದರೆ ಮೇಲಿನ ಎಡದ್ದು). ಹುಡುಕಾಟದ ಅಭ್ಯರ್ಥಿಗಳು ಯಾವುವಾದರೂ ಆಗಬಹುದು. ಇವೆರಡನ್ನು ಒಂದೇ ಫಂಕ್ಷನ್‌ಗೆ ತುರುಕಿದವರು ಕೊನೆಗೆ ಡಿಕೋಡರ್ ಓದಲಾಗದ ಫೈಲ್ ಹಿಡಿದು ಕೂರುತ್ತಾರೆ. ಮೂರು, ಎಲ್ಲ ಬ್ಲಾಕ್‌ಗಳನ್ನೂ ಸಮಾನಾಂತರವಾಗಿ ಓಡಿಸುವ ಆಸೆಗೆ ನೆರೆಯವರನ್ನೇ ಬಿಟ್ಟುಬಿಡುವುದು. ಹಾಗೆ ಓಡಿಸಲೇಬೇಕಾದರೆ ಹಿಂದಿನ ಫ್ರೇಮಿನ ವೆಕ್ಟರ್‌ಗಳನ್ನಾದರೂ ಅಭ್ಯರ್ಥಿಗಳಾಗಿ ಕೊಡಿ.

ಹಂತ 4: ವೆಕ್ಟರಿಗೂ ಬೆಲೆ ಕಟ್ಟಿ

ಸ್ಯಾಡ್ ಒಂದನ್ನೇ ನಂಬಿದರೆ ಬರಿ ಗೋಡೆ, ಆಕಾಶದಂಥ ಕಡೆ ವೆಕ್ಟರ್‌ಗಳು ದಿಕ್ಕಾಪಾಲಾಗುತ್ತವೆ. ಅಲ್ಲಿ ಎಲ್ಲ ಜಾಗಗಳೂ ಒಂದೇ ತೆರ, ಗೆಲ್ಲುವುದು ಚಿತ್ರದ ಗದ್ದಲ (ನಾಯ್ಸ್). ದಾರಿ ತಪ್ಪಿದ ಒಂದು ವೆಕ್ಟರ್ ಪಕ್ಕದ ಬ್ಲಾಕಿನ ಅಭ್ಯರ್ಥಿಯನ್ನೂ ಕೆಡಿಸುತ್ತದೆ. ಆದ್ದರಿಂದ ಬೆಲೆ = ಸ್ಯಾಡ್ + ಲ್ಯಾಂಬ್ಡಾ × ವೆಕ್ಟರ್ ವ್ಯತ್ಯಾಸದ ಬಿಟ್‌ಗಳು. ವೆಕ್ಟರ್ ವ್ಯತ್ಯಾಸ ಎಂದರೆ ಮಧ್ಯಾಂಕದ ಊಹೆಯಿಂದ ವೆಕ್ಟರ್ ಎಷ್ಟು ದೂರ ಎಂಬುದು; ಲ್ಯಾಂಬ್ಡಾ ಎಂದರೆ ಒಂದು ಬಿಟ್‌ಗೆ ಕೊಡುವ ತೂಕ. ಲ್ಯಾಂಬ್ಡಾಗೆ 0.85 × 2ರ (ಕ್ಯುಪಿ−12)/3 ಘಾತ ಎಂಬ ಇಡೀ ಗುಣಲಬ್ಧದ ವರ್ಗಮೂಲ ತೆಗೆದುಕೊಳ್ಳಿ (ಕ್ಯುಪಿ ಎಂದರೆ ಸಂಕೋಚನ ಎಷ್ಟು ಒರಟು ಎಂಬ ಸಂಖ್ಯೆ). ಕ್ಯುಪಿ 28ಕ್ಕೆ ಅದು ಸುಮಾರು 6.

ಒಂದು ಜಾಗದ ಸ್ಯಾಡ್ 1,500, ವೆಕ್ಟರ್ ಊಹೆಯಂತೆಯೇ ಇದೆ: 2 ಬಿಟ್, ಬೆಲೆ 1,512. ಇನ್ನೊಂದರ ಸ್ಯಾಡ್ 1,480, ಆದರೆ ಊಹೆಯಿಂದ (9, −7) ಪಿಕ್ಸೆಲ್, ಅಂದರೆ (36, −28) ಕಾಲು ಪಿಕ್ಸೆಲ್ ದೂರ: ಸಣ್ಣ ಸಂಖ್ಯೆಗೆ ಕಡಿಮೆ ಬಿಟ್ ಕೊಡುವ ಎಕ್ಸ್‌ಪೊನೆನ್ಶಿಯಲ್ ಗೊಲಂಬ್ ಕೋಡ್‌ನಲ್ಲಿ 13 + 11 = 24 ಬಿಟ್, ಬೆಲೆ 1,624. ಮೊದಲನೆಯದನ್ನೇ ಆರಿಸಿ. ಬಿಟ್‌ಗಳ ಕೋಷ್ಟಕವನ್ನು ಮೊದಲೇ ತುಂಬಿಟ್ಟುಕೊಳ್ಳಿ, ಒಳಗಿನ ಲೂಪಿನಲ್ಲಿ ಲೆಕ್ಕ ಹಾಕಬೇಡಿ.

ಹಂತ 5: ಬೇಗ ನಿಲ್ಲಿಸಿ, ಇಲ್ಲವೇ ಷಡ್ಭುಜ ಹಿಡಿಯಿರಿ

ಅಭ್ಯರ್ಥಿಗಳಲ್ಲಿ ಗೆದ್ದದ್ದರ ಸ್ಯಾಡ್ ನೆರೆಯ ಬ್ಲಾಕ್‌ಗಳ ಕನಿಷ್ಠ ಸ್ಯಾಡ್‌ಗಿಂತ ಕೆಳಗಿದ್ದರೆ ಅಲ್ಲಿಗೇ ಮುಗಿಸಿ. ಆ ಮಿತಿಯನ್ನು 512 ಮತ್ತು 1,024ರ ನಡುವೆ ಕಟ್ಟಿಹಾಕಿ. 512 ಎಂದರೆ ಪಿಕ್ಸೆಲ್‌ಗೆ ಸರಾಸರಿ 2ರ ವ್ಯತ್ಯಾಸ. ಮಿತಿಯನ್ನು ಸ್ಥಿರ ಸಂಖ್ಯೆಯಾಗಿ ಇಡಬೇಡಿ. ಕತ್ತಲ ದೃಶ್ಯದಲ್ಲಿ ತಪ್ಪು ಜಾಗದ ಸ್ಯಾಡ್ ಕೂಡ ಸಣ್ಣದೇ ಇರುತ್ತದೆ. ಅಲ್ಲಿ ಸ್ಥಿರ ಮಿತಿ ಮೊದಲ ಅಭ್ಯರ್ಥಿಯನ್ನೇ ಒಪ್ಪಿಕೊಂಡುಬಿಡುತ್ತದೆ.

ನಿಲ್ಲದಿದ್ದರೆ ಷಡ್ಭುಜ: ಸುತ್ತ ಆರು ಬಿಂದು, ಗೆದ್ದ ಬಿಂದುವಿಗೆ ಸರಿದಾಗ ಹೊಸದಾಗಿ ನೋಡಬೇಕಾದ್ದು ಮೂರೇ. ಕೇಂದ್ರವೇ ಗೆದ್ದಾಗ ಸುತ್ತಲಿನ ನಾಲ್ಕನ್ನು ನೋಡಿ ಮುಗಿಸಿ. ದೊಡ್ಡ ವಜ್ರವೂ ಕೆಟ್ಟದ್ದಲ್ಲ, ಆದರೆ ಅದರಲ್ಲಿ ಮೂಲೆಗೆ ಸರಿದಾಗ ಐದು ಹೊಸ ಬಿಂದುಗಳು ಬೇಕು. ನೋಡಿದ ಜಾಗವನ್ನೇ ಮತ್ತೆ ಮತ್ತೆ ನೋಡುವ ಕೋಡ್ ಎಷ್ಟೋ ಕಡೆ ಸಿಗುತ್ತದೆ. ನಕಲು ಮಾಡುವ ಮುನ್ನ ಎಣಿಸಿ.

ಹಂತ 6: ಅರ್ಧ, ಕಾಲು ಪಿಕ್ಸೆಲ್

ಚಲನೆ ಪೂರ್ಣ ಪಿಕ್ಸೆಲ್‌ಗಳಲ್ಲೇ ಇರಬೇಕಿಲ್ಲ. ಗೆದ್ದ ಜಾಗದ ಸುತ್ತ 8 ಅರ್ಧ ಪಿಕ್ಸೆಲ್ ಜಾಗ, ಆಮೇಲೆ 8 ಕಾಲು ಪಿಕ್ಸೆಲ್ ಜಾಗ ನೋಡಿ. ಎಚ್.264ರ ಅರ್ಧ ಪಿಕ್ಸೆಲ್ ಫಿಲ್ಟರ್ (1, −5, 20, 20, −5, 1), 32ರಿಂದ ಭಾಗ. ಒಂದು ಅರ್ಧ ಪಿಕ್ಸೆಲ್ ಜಾಗದ 16×16 ಬ್ಲಾಕಿಗೆ 21×21 ಪಿಕ್ಸೆಲ್ ಬೇಕು. ಇಲ್ಲಿ ಸ್ಯಾಡ್ ಬಿಟ್ಟು, ವ್ಯತ್ಯಾಸವನ್ನು ಹಡಮಾರ್ಡ್ ರೂಪಾಂತರ (ಕೂಡು-ಕಳೆಗಳಷ್ಟೇ ಇರುವ ಸರಳ ರೂಪಾಂತರ) ಮಾಡಿ, ನಿರಪೇಕ್ಷ ಬೆಲೆಗಳನ್ನು ಕೂಡಿಸಿ.

ಹಂತ 7: ಪರೀಕ್ಷೆ

ಎನ್ಕೋಡರ್ ಪರೀಕ್ಷೆಗೆ ಬಳಸುವ ಹೆಸರಾಂತ ತುಣುಕುಗಳಲ್ಲಿ, ಸುದ್ದಿ ಓದುವ ‘ಅಕಿಯೋ’ ತುಣುಕಿನ ಮೇಲೆ ಬಂದ ಸಂಖ್ಯೆಗಳನ್ನು ನಂಬಬೇಡಿ, ಅಲ್ಲಿ ಹೆಚ್ಚೇನೂ ಅಲುಗಾಡುವುದಿಲ್ಲ. ‘ಫುಟ್‌ಬಾಲ್’, ಟೆನಿಸ್‌ನ ‘ಸ್ಟೀಫನ್’ ಮೇಲೆ ಓಡಿಸಿ, ಪೂರ್ಣ ಹುಡುಕಾಟದ ಬೆಲೆಯೊಂದಿಗೆ ಹೋಲಿಸಿ. ಅದಕ್ಕೂ ಮೊದಲು, ವಿವರಗಳು ತುಂಬಿದ ಒಂದು ಫ್ರೇಮನ್ನು 5 ಪಿಕ್ಸೆಲ್ ಬಲಕ್ಕೆ, 3 ಮೇಲಕ್ಕೆ ಸರಿಸಿ ಎರಡನೆಯ ಫ್ರೇಮ್ ಮಾಡಿ, ಪೂರ್ಣ ಹುಡುಕಾಟವನ್ನೇ ಓಡಿಸಿ. ಅಂಚಿನವನ್ನು ಬಿಟ್ಟು ಎಲ್ಲ ಬ್ಲಾಕ್‌ಗಳೂ (−5, 3) ಎನ್ನಬೇಕು (ಚಿತ್ರದಲ್ಲಿ ಲಂಬ ಲೆಕ್ಕ ಕೆಳಮುಖವಾಗಿ ಹೆಚ್ಚುತ್ತದೆ), ಏಕೆಂದರೆ ವೆಕ್ಟರ್ ತೋರಿಸುವುದು ತುಂಡು ಬಂದ ಕಡೆಯನ್ನು, ಹೋದ ಕಡೆಯನ್ನಲ್ಲ. (5, −3) ಬಂದರೆ ಚಿಹ್ನೆ ತಿರುಗಿದೆ. (3, −5) ಬಂದರೆ ಸಾಲು, ಕಂಬ ಅದಲುಬದಲಾಗಿವೆ. ಎಲ್ಲೂ ಹೊಂದದ ವೆಕ್ಟರ್‌ಗಳೇ ತುಂಬಿದ್ದರೆ, ಸಾಲಿನಿಂದ ಸಾಲಿಗೆ ಜಿಗಿಯಲು ಅಂಚಿನ ಪಟ್ಟಿ ಸೇರಿಸಿದ ಅಗಲದ ಬದಲು ಬರೀ ಚಿತ್ರದ ಅಗಲ ಬಳಸಿದ್ದೀರಾ ಎಂದು ನೋಡಿ.