ಶೇ 0.5ರ ಬಿಯರ್ ಮಾಡಿದ ನನ್ನ ಅನುಭವ

ಮನೆಯಲ್ಲೇ ಬಿಯರ್ ಮಾಡೋದು ನನ್ನ ಹವ್ಯಾಸ. ಆಲ್ಕೋಹಾಲ್ ಕಮ್ಮಿ ಇರೋ ಬಿಯರಿಗೆ ಕೈ ಹಾಕಿದ್ದೀನಿ ಅಂದಾಗ ಗೆಳೆಯರು ಕೇಳಿದ್ದು ಒಂದೇ ಮಾತು: "ಯಾಕೋ, ಹುಷಾರಿಲ್ವಾ?" ಪಥ್ಯ ಮಾಡೋರು ಕುಡಿಯೋದು ಅಂತ ಅದಕ್ಕೆ ಹೆಸರು ಬಿದ್ದಿದೆ. ಅದು ಸುಮ್ನೆ ಬಂದಿದ್ದಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಆಗ ಶೇ 0.5ಕ್ಕಿಂತ ಕಮ್ಮಿ ಆಲ್ಕೋಹಾಲಿನ 'ನಿಯರ್ ಬಿಯರ್' ಮಾರುತ್ತಿದ್ದರು. ಮಾಮೂಲಿ ಬಿಯರ್ ಮಾಡಿ, ಆಮೇಲೆ ಕಾಯಿಸಿ ಆಲ್ಕೋಹಾಲ್ ಹಾರಿಸುತ್ತಿದ್ದರು; ಹಾಗೆ ಮಾಡಿದರೆ ಜೊತೆಗೆ ರುಚಿಯೂ ಹಾರುತ್ತೆ.

ನಾನೂ ಮೊದಲು ಅದನ್ನೇ ಮಾಡಿದೆ. ಆಲ್ಕೋಹಾಲ್ ಸುಮಾರು 78 ಡಿಗ್ರಿಗೆ ಕುದಿಯುತ್ತೆ ಅಂತ ಒಲೆ ಮೇಲಿಟ್ಟೆ. ಬಿಯರಿಗೆ ಕಹಿ, ಘಮ ಕೊಡೋ ಹೂವಾದ ಹಾಪ್ಸ್ ಘಮ ಅಡುಗೆಮನೆ ತುಂಬಿತು. ಪಾತ್ರೆಯಲ್ಲಿ ಉಳಿದಿದ್ದು ಕಾಳು ಬೇಯಿಸಿದ ನೀರಿನಂಥದ್ದು. ಅಷ್ಟನ್ನೂ ಚೆಲ್ಲಿದೆ.

ಆಲ್ಕೋಹಾಲ್ ತೆಗೆಯೋ ಬದಲು ಹುಟ್ಟದ ಹಾಗೆ ನೋಡಿಕೊಂಡರಾಯ್ತು, ಅಲ್ವಾ? ಮುಂದಿನ ಸಲ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 65ರ ಬದಲು 76 ಡಿಗ್ರಿ ನೀರಲ್ಲಿ ನೆನೆಸಿದೆ. ಆ ಬಿಸಿಗೆ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡೋ ಸಕ್ಕರೆ ಕಮ್ಮಿ ಬರುತ್ತೆ, ಯೀಸ್ಟ್ ತಿನ್ನದ, ಬಾಯಿಗೆ ಗಟ್ಟಿತನ ಕೊಡೋ ಡೆಕ್ಸ್ಟ್ರಿನ್ ಜಾಸ್ತಿ. ಯೀಸ್ಟನ್ನೂ ಮಾಲ್ಟಿನ ಮುಖ್ಯ ಸಕ್ಕರೆಯಾದ ಮಾಲ್ಟೋಸ್ ಮುಟ್ಟದ ಜಾತಿಯದ್ದೇ ಹಾಕಿದೆ. ಸಾಂದ್ರತೆ ಅಳೆಯೋ ಹೈಡ್ರೋಮೀಟರ್ 1.024ರಿಂದ 1.020ಕ್ಕೆ ಇಳಿದು ಅಲ್ಲೇ ನಿಂತಿತು; ಸಕ್ಕರೆ ಆಲ್ಕೋಹಾಲ್ ಆದಷ್ಟೂ ಅದು ಇಳಿಯುತ್ತೆ. ಲೆಕ್ಕ ಹಾಕಿದರೆ ಆಲ್ಕೋಹಾಲ್ ಸುಮಾರು ಶೇ 0.5. ಒಂದು ಎಚ್ಚರಿಕೆ: ಇದರಲ್ಲಿ ಸಕ್ಕರೆ ಉಳಿದಿರುತ್ತೆ, ಕೆಡದ ಹಾಗೆ ಕಾಯೋವಷ್ಟು ಆಲ್ಕೋಹಾಲ್ ಇರಲ್ಲ. ಹಾಗಾಗಿ ಪಿಎಚ್ (ಹುಳಿಯ ಅಳತೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗಿರಬೇಕು, ಪಾಶ್ಚರೀಕರಿಸಬೇಕು (ಅಂದರೆ ಬಿಸಿ ಮಾಡಿ ಸೂಕ್ಷ್ಮಾಣುಗಳನ್ನು ಕೊಲ್ಲಬೇಕು), ತಣ್ಣಗಿಡಬೇಕು. ಇಲ್ಲಿ ಸೋಮಾರಿತನ ಬೇಡ.

ಒಂದು ಸಂಜೆ ಎರಡು ಜಗ್ ಇಟ್ಟು, ಒಂದರಲ್ಲಿ ನನ್ನದಿದೆ, ಯಾವುದು ಹೇಳಿ ಅಂದೆ. ಇಬ್ಬರು ನನ್ನದನ್ನೇ ಮಾಮೂಲಿ ಬಿಯರ್ ಅಂದುಕೊಂಡು ಇನ್ನೊಂದು ಗ್ಲಾಸ್ ಹಾಕಿಸಿಕೊಂಡರು. ವಿಷಯ ಹೇಳಿದ ಕೂಡಲೇ ಒಬ್ಬ ಗ್ಲಾಸ್ ಕೆಳಗಿಟ್ಟುಬಿಟ್ಟ. ನೊರೆ ಇನ್ನೂ ಇಳಿದಿರಲಿಲ್ಲ. ಒಂದು ಕ್ಷಣದ ಹಿಂದೆ ಚಪ್ಪರಿಸಿದ ಬಿಯರ್ ಅದೇ!

ನನಗೆ ನಿಜವಾಗಿ ಬೇಜಾರಾಯಿತು. ಆದರೆ ಅವತ್ತಿಂದ ಬಾಟಲಿ ಚೀಟಿ ಬರೆಯೋ ರೀತಿ ಬದಲಿಸಿದೆ. ಮೇಲೆ ಹಾಪ್ಸ್ ಹೆಸರು, ಮಾಲ್ಟ್ ಹೆಸರು, ಕಹಿ ಎಷ್ಟು ಅಂತ ಬರೆಯುತ್ತೇನೆ. ಕೆಳಗೆ ಶೇ 0.5 ಅಂತ ಎದ್ದು ಕಾಣೋ ಹಾಗೆ. ಅದನ್ನು ಮುಚ್ಚಿಡೋದು ತಪ್ಪು. ಕುಡಿತ ಬಿಟ್ಟವರಿಗೆ, ಬಸುರಿಯರಿಗೆ ಅರ್ಧ ಪರ್ಸೆಂಟ್ ಅಂದ್ರೆ ಸೊನ್ನೆ ಅಲ್ಲ.

ಗ್ಲಾಸ್ ಕೆಳಗಿಟ್ಟವನು ಮುಂದಿನ ಸಲ ಬಂದಾಗ ಅವನೇ ಕೇಳಿದ, "ಆ ಸಿಟ್ರಾ ಹಾಪ್ಸಿಂದು ಇದೆಯಾ?"